ನಿಲ್ದಾಣದ ಹೆಸರಾಗಿ ಉಳಿದ ಊರುಗಳು

ನನ್ನ ತಂಗಿಯ ಮಗ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಎಂಜಿನಿಯರ್. ಅರಸೀಕೆರೆ ಕಡೆಯಿಂದ ಬಂದು ಇಲ್ಲಿ ನೆಲೆಸಿ ನಾಲ್ಕು ವರ್ಷವಾಯಿತು. ಭಾನುವಾರ ಬಂತೆಂದರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗೆಳೆಯರೊಂದಿಗೆ ನಂದಿಬೆಟ್ಟಕ್ಕೆ ಹೊರಡುತ್ತಾನೆ. ಬೆಟ್ಟದ ಬುಡದಲ್ಲಿ ವಾಹನಗಳ ಸಾಲಿನಲ್ಲಿ ನಿಂತು, ಸೂರ್ಯೋದಯ ತಪ್ಪಿಸಿಕೊಂಡು, ದಾರಿಯಲ್ಲಿ ಇಡ್ಲಿ ತಿಂದು ಹಿಂತಿರುಗುತ್ತಾನೆ. ಮೊನ್ನೆ ಊಟಕ್ಕೆ ಕುಳಿತಾಗ, ಅಷ್ಟು ದೂರ ಏಕೆ ಹೋಗಬೇಕು, ನಿಮ್ಮ ಸುತ್ತಮುತ್ತಲೇ ಏನಾದರೂ ನೋಡಬಾರದೇ ಎಂದು ಕೇಳಿದೆ. ಅವನು ನಕ್ಕುಬಿಟ್ಟ. ‘ಅಲ್ಲೇನಿದೆ ಮಾವ ನೋಡೋದಕ್ಕೆ? ಒಂದು ಮಾಲ್ ಬಿಟ್ಟರೆ ಇನ್ನೊಂದು ಮಾಲ್. ವೈಟ್‌ಫೀಲ್ಡ್ ಅಂದರೆ ಆಫೀಸು, ಅಷ್ಟೇ’ ಎಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾಲ್ಕು ದಶಕ ಈ ನಗರದಲ್ಲಿ ಕಳೆದ ನನಗೂ ಆ ಪ್ರದೇಶವೆಂದರೆ ಸಂಚಾರ ದಟ್ಟಣೆಯ ಸುದ್ದಿಯೇ ಹೊರತು ಬೇರೇನಾಗಿತ್ತು? ಆ ಸಂಕೋಚವೇ ನನ್ನನ್ನು ಮೂರು ಭಾನುವಾರ ಮೆಟ್ರೊ ರೈಲು ಹತ್ತಿಸಿತು. ಒಂದು ವಾರ ಪೂರ್ವಕ್ಕೆ, ಒಂದು ವಾರ ದಕ್ಷಿಣಕ್ಕೆ, ಮತ್ತೊಂದು ವಾರ ಪೀಣ್ಯದ ಕಡೆಗೆ.

ಬೆಂಗಳೂರು ನೋಡಲು ಬಂದ ನೆಂಟರಿಗೆ ನಾವು ತೋರಿಸುವ ಸ್ಥಳಗಳ ಪಟ್ಟಿ ಹಲವು ದಶಕಗಳಿಂದ ಬದಲಾಗಿಲ್ಲ. ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧ, ಟಿಪ್ಪುವಿನ ಬೇಸಿಗೆ ಅರಮನೆ, ಬಸವನಗುಡಿಯ ದೊಡ್ಡ ಬಸವ. ಅದರಾಚೆ ಬನ್ನೇರುಘಟ್ಟ, ನಂದಿಬೆಟ್ಟ. ಇವೆಲ್ಲ ನೋಡಬೇಕಾದ ತಾಣಗಳೇ, ಸಂದೇಹವಿಲ್ಲ. ಆದರೆ ಈ ಪಟ್ಟಿಗೂ ಇಂದಿನ ಬೆಂಗಳೂರಿನ ಜನ ಎಲ್ಲಿ ಬದುಕುತ್ತಾರೆ ಎಂಬುದಕ್ಕೂ ಸಂಬಂಧ ಕಡಿದುಹೋಗಿದೆ. ನಗರದ ದುಡಿಮೆ ಊರಂಚಿಗೆ ಸರಿದು ಎಷ್ಟೋ ಕಾಲವಾಯಿತು. ಲಕ್ಷಾಂತರ ಜನ ಹಗಲು ಕಳೆಯುವುದು, ಮಕ್ಕಳನ್ನು ಬೆಳೆಸುವುದು ಅಲ್ಲಿಯೇ. ಆದರೂ ಆ ಭಾಗಕ್ಕೆ ಚರಿತ್ರೆಯಿಲ್ಲ, ಅದು ಬಯಲಿನಲ್ಲಿ ಏಕಾಏಕಿ ಎದ್ದು ನಿಂತ ಕಟ್ಟಡಗಳ ಗುಂಪು ಎಂಬ ನಂಬಿಕೆ ವಿದ್ಯಾವಂತರಲ್ಲೇ ಬಲವಾಗಿದೆ. ಈ ನಂಬಿಕೆ ನಿರಪಾಯಕಾರಿಯಲ್ಲ. ಏನೂ ಇಲ್ಲವೆಂದು ಎಲ್ಲರೂ ಭಾವಿಸಿದ ಜಾಗದಲ್ಲಿ ಏನನ್ನು ಬೇಕಾದರೂ ಕೆಡವಬಹುದು, ಕೇಳುವವರಿರುವುದಿಲ್ಲ.

ಮೊದಲ ಭಾನುವಾರ ಹತ್ತಿದ್ದು ನೇರಳೆ ಮಾರ್ಗ. ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗಿನ ಭಾಗ 2023ರ ಮಾರ್ಚ್‌ನಲ್ಲಿ ಆರಂಭವಾಯಿತು. ಬೈಯಪ್ಪನಹಳ್ಳಿಯ ಕೊಂಡಿ ಅದೇ ವರ್ಷ ಅಕ್ಟೋಬರಿನಲ್ಲಿ ಸೇರಿತು. ರೈಲಿನೊಳಗಿನ ಧ್ವನಿ ನಿಲ್ದಾಣಗಳ ಹೆಸರನ್ನು ಒಂದೊಂದಾಗಿ ಹೇಳುತ್ತದೆ: ಗರುಡಾಚಾರ್ ಪಾಳ್ಯ, ಹೂಡಿ, ಕುಂದಲಹಳ್ಳಿ, ನಲ್ಲೂರುಹಳ್ಳಿ, ಪಟ್ಟಂದೂರು ಅಗ್ರಹಾರ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತ ಯುವಕ ಯುವತಿಯರಿಗೆ ಇವು ಇಳಿಯಬೇಕಾದ ಗುರುತುಗಳು ಮಾತ್ರ. ಆದರೆ ಹಳ್ಳಿ, ಪಾಳ್ಯ, ಅಗ್ರಹಾರ ಎಂಬ ಈ ಒಂದೊಂದು ಪದವೂ ಒಂದೊಂದು ಬಗೆಯ ವಸತಿಯ ನೆನಪು. ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರು ಅಗ್ರಹಾರ. ದಂಡು ಬೀಡುಬಿಟ್ಟಲ್ಲಿ, ಪಾಳೆಯಗಾರನ ಆಶ್ರಯದಲ್ಲಿ ಬೆಳೆದದ್ದು ಪಾಳ್ಯ. ಮೆಟ್ರೊ ನಿಗಮ ತನಗರಿವಿಲ್ಲದೆಯೇ ಒಂದು ಕಂದಾಯ ನಕ್ಷೆಯನ್ನು ದಿನಕ್ಕೆ ನೂರಾರು ಬಾರಿ ಗಟ್ಟಿಯಾಗಿ ಓದಿಸುತ್ತಿದೆ.

ಪಟ್ಟಂದೂರು ಅಗ್ರಹಾರ ನಿಲ್ದಾಣದ ಪಕ್ಕದಲ್ಲೇ ಐಟಿಪಿಎಲ್ ಇದೆ. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಹಣೆಬರಹ ಬದಲಿಸಿದ ತಂತ್ರಜ್ಞಾನ ಉದ್ಯಾನ ಅದು. ಆದರೆ ಪಟ್ಟಂದೂರಿನ ದಾಖಲೆ ಅದಕ್ಕಿಂತ ಸಾಕಷ್ಟು ಹಳೆಯದು. ಕಾಡುಗೋಡಿಯಲ್ಲಿ ದೊರೆತ ಕ್ರಿ.ಶ. 1043ರ ಶಾಸನ ರಾಜೇಂದ್ರ ಚೋಳನ ಆಳ್ವಿಕೆಯದು. ಗಾವುಂಡನ ಮಗನೊಬ್ಬ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬಿರಿಸಿ, ದೇವತೆಗಳನ್ನು ಪ್ರತಿಷ್ಠಾಪಿಸಿದ ಸಂಗತಿಯನ್ನು ಅದು ಹೇಳುತ್ತದೆ. ಅಂದರೆ ಸಾವಿರ ವರ್ಷಕ್ಕೆ ಸಮೀಪಿಸಿದ ಜಲಾಶಯವೊಂದು ಈ ಗಾಜಿನ ಕಟ್ಟಡಗಳ ನೆರೆಯಲ್ಲಿ ಇನ್ನೂ ಉಸಿರಾಡುತ್ತಿದೆ. ಉಸಿರಾಡುತ್ತಿದೆ ಎಂಬ ಮಾತನ್ನು ಎಚ್ಚರಿಕೆಯಿಂದಲೇ ಬಳಸುತ್ತಿದ್ದೇನೆ. ಕೆರೆಯಂಗಳದ ಒತ್ತುವರಿಯ ವಿವಾದ ಇಲ್ಲಿನ ನಿವಾಸಿಗಳನ್ನು ಬೀದಿಗಿಳಿಸಿದ್ದುಂಟು. ಕೆರೆ ಕಟ್ಟಿದವನು ಅದನ್ನು ಕಲ್ಲಿನಲ್ಲಿ ಬರೆಸಿದ್ದು ಸುಮ್ಮನೆ ಕೀರ್ತಿಗಲ್ಲ. ಅದು ಸಾರ್ವಜನಿಕ ಸ್ವತ್ತು ಎಂಬ ಘೋಷಣೆಯೂ ಹೌದು. ಆ ಘೋಷಣೆಯನ್ನು ಓದಬಲ್ಲವರು ಇಲ್ಲವಾದಾಗ ಸರ್ವೆ ನಂಬರಿನ ಜಗಳ ಮಾತ್ರ ಉಳಿಯುತ್ತದೆ.

ಅಲ್ಲಿಂದ ಹಳೆಯ ವೈಟ್‌ಫೀಲ್ಡ್ ದೂರವಿಲ್ಲ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೊ–ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ನೀಡಿದರು. ಸಂಘದ ಸ್ಥಾಪಕ ಡಿ.ಎಸ್. ವೈಟ್ ಅವರಿಂದಲೇ ಊರಿಗೆ ಈ ಹೆಸರು. ಗುಮಾಸ್ತಗಿರಿಗೂ ರೈಲ್ವೆ ನೌಕರಿಗೂ ಅಂಟಿಕೊಂಡಿದ್ದ ತಮ್ಮವರನ್ನು ಸ್ವಂತ ನೆಲದ ಕೃಷಿಕರನ್ನಾಗಿ ಮಾಡಬೇಕೆಂಬುದು ಅವರ ಕನಸು. ವೃತ್ತಾಕಾರದಲ್ಲಿ ಊರನ್ನು ಯೋಜಿಸಿದರು. ಇಂದಿಗೂ ‘ಇನ್ನರ್ ಸರ್ಕಲ್’ ಎನ್ನುವುದು ಅದನ್ನೇ. 1886ರಲ್ಲಿ ಕಟ್ಟಿದ ಮೆಮೋರಿಯಲ್ ಚರ್ಚ್ ಇನ್ನೂ ಇದೆ. ಹೊಸ ತಲೆಮಾರು ಕೆಲಸ ಅರಸಿ ಹೊರಹೋದಂತೆ ಕೃಷಿಯ ಕನಸು ಕರಗಿತು. ಸೇನಾಧಿಕಾರಿಯಾಗಿ ಬೆಂಗಳೂರಿನಲ್ಲಿದ್ದ ಯುವಕ ಚರ್ಚಿಲ್ ಇಲ್ಲಿನ ವೇವರ್ಲಿ ಇನ್‌ಗೆ ಬಂದು ಮಾಲೀಕರ ಮಗಳಲ್ಲಿ ಅನುರಕ್ತನಾಗಿದ್ದನೆಂಬ ಐತಿಹ್ಯವನ್ನು ಪತ್ರಿಕೆಗಳು ಆಗಾಗ ಬರೆಯುತ್ತವೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಬೇರೆ. ನೌಕರಿಯಿಂದ ನೆಲಕ್ಕೆ ಮರಳಬೇಕೆಂದು ಒಂದು ಸಮುದಾಯ ಕಟ್ಟಿದ ಊರು ನೂರು ಚಿಲ್ಲರೆ ವರ್ಷಗಳಲ್ಲಿ ನೆಲವನ್ನು ಬಿಟ್ಟು ನೌಕರಿಗೆ ಬಂದವರ ಊರಾಯಿತು. ಇನ್ನರ್ ಸರ್ಕಲ್ಲಿನ ಮರಗಳ ಕೆಳಗೆ ಬೆಳಗಿನ ಏಳು ಗಂಟೆಯಲ್ಲಿ ನಿಂತರೆ ಹತ್ತಿರದ ಮುಖ್ಯರಸ್ತೆಯ ಸದ್ದು ಬೇರೆ ಊರಿನದೆನ್ನಿಸುತ್ತದೆ.

ಎರಡನೆಯ ಭಾನುವಾರ ಹಳದಿ ಮಾರ್ಗ. 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಇದು ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸಾಗುತ್ತದೆ. ಹೊಂಗಸಂದ್ರದಲ್ಲಿ ಇಳಿದು ಆಟೊ ಹಿಡಿದರೆ ಬೇಗೂರು. ಇಲ್ಲಿನ ನಾಗೇಶ್ವರ ದೇವಾಲಯ ಸಮೂಹದಲ್ಲಿ ಎರಡು ಗುಡಿಗಳು ಗಂಗರ ಕಾಲದವು, ಉಳಿದವು ಅನಂತರದವು. ಆವರಣದಲ್ಲಿ ಒಂದು ವೀರಗಲ್ಲಿದೆ. ಕ್ರಿ.ಶ. 890ರ ಸುಮಾರಿನ ಆ ಕಲ್ಲಿನಲ್ಲಿ ‘ಬೆಂಗಳೂರು ಕಾಳಗ’ ಎಂಬ ಮಾತಿದೆ. ಗಂಗರ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ಆ ಕಾಳಗದಲ್ಲಿ ಮಡಿದ ಸ್ಮಾರಕ ಅದು. ಬೆಂಗಳೂರು ಎಂಬ ಹೆಸರಿಗೆ ಸಿಕ್ಕಿರುವ ಅತ್ಯಂತ ಹಳೆಯ ಲಿಖಿತ ಪುರಾವೆ ಇದೇ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೂ ಆರೂವರೆ ಶತಮಾನ ಮುಂಚಿನದು. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಬಡಿಸಿದ್ದರಿಂದ ‘ಬೆಂದಕಾಳೂರು’ ಆಯಿತೆಂಬ ಕಥೆಯನ್ನು ನಾವು ಮಕ್ಕಳಿಗೆ ಇನ್ನೂ ಹೇಳುತ್ತಿದ್ದೇವೆ. ಬಲ್ಲಾಳರು ಹುಟ್ಟುವ ಮೊದಲೇ ಹೆಸರಿತ್ತು ಎಂದು ಹೇಳುವ ಕಲ್ಲು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೆದ್ದಾರಿಯಿಂದ ಕೆಲವೇ ಕಿಲೊಮೀಟರ್ ದೂರದಲ್ಲಿದೆ. ಬೇಗೂರಿನದೇ ಮತ್ತೊಂದು ಕಲ್ಲು, ಗಂಗ–ನೊಳಂಬರ ಯುದ್ಧವನ್ನು ಆನೆ ಕುದುರೆಗಳ ಸಮೇತ ಕಂಡರಿಸಿದ್ದು, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ನಾನು ಹೋದ ದಿನ ಬೇಗೂರಿನ ಗುಡಿಯಲ್ಲಿ ಪೂಜೆಗೆ ಬಂದ ನಾಲ್ಕೈದು ಕುಟುಂಬ, ಪ್ರಾಕಾರದ ನೆರಳಿನಲ್ಲಿ ಓದುತ್ತ ಕುಳಿತ ಒಬ್ಬ ಹುಡುಗ, ಇಷ್ಟೇ ಜನ. ನಂದಿಬೆಟ್ಟದ ಸಾಲಿನಲ್ಲಿ ಅದೇ ಹೊತ್ತಿಗೆ ಎಷ್ಟು ಕಾರುಗಳಿದ್ದವೋ!

ಅಲ್ಲಿಂದ ಮುಂದೆ ಎಲೆಕ್ಟ್ರಾನಿಕ್ ಸಿಟಿ. ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗಾ ಅವರು 1970ರ ದಶಕದಲ್ಲೇ ಇಂಥದೊಂದು ನಗರವನ್ನು ಕಲ್ಪಿಸಿಕೊಂಡಿದ್ದರು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದು ಆರಂಭವಾಯಿತು. ಆಗ ಹೊಸೂರು ರಸ್ತೆಯ ಎರಡೂ ಬದಿಗೆ ರಾಗಿ ಹೊಲಗಳಿದ್ದವು. ಇಂದು ಮೆಟ್ರೊ ನಿಲ್ದಾಣಗಳ ಫಲಕ ಓದಿದರೆ ‘ಇನ್ಫೊಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ’, ‘ಬಯೋಕಾನ್ ಹೆಬ್ಬಗೋಡಿ’ ಎಂದು ಕಾಣುತ್ತದೆ. ನಿಲ್ದಾಣ ನಿರ್ಮಾಣಕ್ಕೆ ನೆರವು ನೀಡಿದವರ ಹೆಸರು ಇರುವುದು ತಪ್ಪೆಂದು ನಾನು ಹೇಳುವುದಿಲ್ಲ. ಊರಿನ ಹೆಸರು ಸಂಸ್ಥೆಯ ಹೆಸರಿನ ಹಿಂದಾದರೂ ಉಳಿಯಿತಲ್ಲ ಎಂಬ ಸಮಾಧಾನವೇ ಇದೆ. ಆದರೆ ಈ ಕೋನಪ್ಪ ಯಾರು, ಅಗ್ರಹಾರ ಯಾವ ಕಾಲದ್ದು ಎಂದು ನಿಲ್ದಾಣದ ಗೋಡೆಯ ಮೇಲೆ ನಾಲ್ಕು ಸಾಲು ಬರೆಸಲು ಎಷ್ಟು ಖರ್ಚಾದೀತು?

ಮುಂದಿನ ನಿಲ್ದಾಣ ಹುಸ್ಕೂರು ರಸ್ತೆ. ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲಿನ ಹಳ್ಳಿಗಳು ನೂರು ಅಡಿಗೂ ಎತ್ತರದ ತೇರುಗಳನ್ನು ಕಟ್ಟಿ ಊರಿಂದೂರಿಗೆ ಎಳೆದು ತರುತ್ತವೆ. ಹೊಲದ ದಾರಿಯಲ್ಲಿ ಎತ್ತುಗಳು ಎಳೆಯುತ್ತಿದ್ದ ತೇರು ಈಗ ಬಡಾವಣೆಗಳ ನಡುವೆ, ವಿದ್ಯುತ್ ತಂತಿಗಳ ನಡುವೆ, ಟ್ರ್ಯಾಕ್ಟರುಗಳ ನೆರವಿನಿಂದ ಸಾಗಬೇಕು. 2024ರಲ್ಲಿ ಒಂದು ತೇರು ಉರುಳಿತು. 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ಮತ್ತೆ ತೇರುಗಳು ಉರುಳಿ ಜೀವಹಾನಿಯೂ ಆಯಿತು. ದೂರದರ್ಶನ ವಾಹಿನಿಗಳಲ್ಲಿ ಆ ದೃಶ್ಯ ನೋಡಿದ ಅನೇಕರಿಗೆ ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಲ್ಲೇ ಇಂಥ ಜಾತ್ರೆ ನಡೆಯುತ್ತದೆಂದು ಗೊತ್ತಾದದ್ದೇ ಅಂದು. ಅಪಘಾತದ ಮೂಲಕ ಮಾತ್ರ ನಮಗೆ ನೆರೆಯವರ ಪರಿಚಯವಾಗುವುದಾದರೆ ಅದು ನಾಚಿಕೆಗೇಡು. ಜಾತ್ರೆಯ ಸುರಕ್ಷತೆ ಗಂಭೀರ ಪ್ರಶ್ನೆ, ಎತ್ತರಕ್ಕೆ ಮಿತಿ ಬೇಕು. ಆದರೆ ದಾರಿಯನ್ನೂ ಬಯಲನ್ನೂ ನುಂಗಿದ ನಗರ ತೇರಿನತ್ತ ಮಾತ್ರ ಬೆರಳು ತೋರಿಸುವುದು ನ್ಯಾಯವಲ್ಲ.

ಮೂರನೆಯ ವಾರ ಪೀಣ್ಯ. ಗಾಜಿನ ಕಟ್ಟಡಗಳ ಬೆಂಗಳೂರಿಗಿಂತ ಹಿಂದಿನ, ಲೇತ್ ಮತ್ತು ವೆಲ್ಡಿಂಗಿನ ಬೆಂಗಳೂರು ಇದು. ನನ್ನ ಚಿಕ್ಕಪ್ಪ ಇಲ್ಲಿನ ಯಂತ್ರಬಿಡಿಭಾಗದ ಶೆಡ್ಡೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಅವರ ಅಂಗಿಯ ಕಟಿಂಗ್ ಆಯಿಲ್ ವಾಸನೆ ನನಗಿನ್ನೂ ನೆನಪಿದೆ. ಭಾನುವಾರ ಪೀಣ್ಯ ನಿಶ್ಶಬ್ದವಾಗಿರುತ್ತದೆ. ಕಬ್ಬಿಣದ ಚೂರು ಬೆರೆತ ಕೆಂಪು ಮಣ್ಣು, ಮುಚ್ಚಿದ ಶಟರುಗಳು, ಒಂದೆರಡು ಟೀ ಅಂಗಡಿ. ಪ್ರವಾಸಿ ತಾಣವೆಂದು ಯಾರೂ ಕರೆಯಲಾರರು. ಆದರೆ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ರೂಪುಗೊಂಡದ್ದು ಈ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 1972ರಲ್ಲಿ ಯು.ಆರ್. ರಾವ್ ಅವರ ನೇತೃತ್ವದ ಯುವ ತಂಡ ಕಲ್ನಾರು ಚಾವಣಿಯ ಶೆಡ್ಡುಗಳನ್ನು ಪ್ರಯೋಗಾಲಯ ಮಾಡಿಕೊಂಡಿತು. 360 ಕಿಲೊ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆ ಸೇರಿತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವೆಲ್ಲ ನೋಡಿದ ಚಿತ್ರ ಅದರದೇ. ಬೆಂಗಳೂರಿನಲ್ಲಿ ಅದರ ದತ್ತಾಂಶ ಸ್ವೀಕರಿಸಲು ಶೌಚಾಲಯವೊಂದನ್ನೇ ಕೇಂದ್ರವಾಗಿ ಮಾರ್ಪಡಿಸಿಕೊಂಡಿದ್ದೆವು ಎಂದು ಆ ಕಾಲದವರು ನೆನೆಯುತ್ತಾರೆ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಇಸ್ರೊದ ದೂರಮಾಪನ ಜಾಲ ‘ಇಸ್ಟ್ರಾಕ್’ನ ಮುಖ್ಯ ಕಚೇರಿ ಇರುವುದೂ ಪೀಣ್ಯದಲ್ಲೇ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ–3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ನಾವು ಟಿ.ವಿ.ಯಲ್ಲಿ ನೋಡಿದ ಆ ನಿಯಂತ್ರಣ ಕೊಠಡಿ ಇಲ್ಲಿನದು. ಕಲ್ನಾರು ಶೆಡ್ಡಿನಿಂದ ಚಂದ್ರನವರೆಗಿನ ಅರ್ಧ ಶತಮಾನದ ಪ್ರಯಾಣ ಒಂದೇ ಕೈಗಾರಿಕಾ ಪ್ರದೇಶದ ಪರಿಧಿಯೊಳಗೆ ನಡೆದಿದೆ. ಆರ್ಯಭಟದ ಶೆಡ್ಡುಗಳು ಎಲ್ಲಿದ್ದವು ಎಂದು ಟೀ ಅಂಗಡಿಯಲ್ಲಿ, ಆಟೊ ನಿಲ್ದಾಣದಲ್ಲಿ, ಕಾವಲುಗಾರರಲ್ಲಿ ಕೇಳಿದೆ. ಹೇಳಬಲ್ಲವರು ನನಗೆ ಸಿಗಲಿಲ್ಲ. ಒಬ್ಬರು, ‘ಆರ್ಯಭಟ ಅಂದ್ರೆ ಸ್ಕೂಲಾ ಸಾರ್?’ ಎಂದರು. ಅವರನ್ನು ಹಳಿಯುವುದು ಹೇಗೆ? ಬೇರೆ ದೇಶಗಳಲ್ಲಿ ಒಬ್ಬ ಉದ್ಯಮಿ ಮೊದಲ ಯಂತ್ರ ಕಟ್ಟಿದ ಕಾರು ನಿಲ್ಲಿಸುವ ಕೊಠಡಿಗೂ ಫಲಕ ಹಾಕಿ ಮಕ್ಕಳನ್ನು ಕರೆದೊಯ್ಯುತ್ತಾರೆ. ನಾವು ಮಕ್ಕಳಿಗೆ ಪೀಣ್ಯವೆಂದರೆ ಹೊಗೆಯೆಂದಷ್ಟೇ ಹೇಳಿಕೊಟ್ಟಿದ್ದೇವೆ.

ಇಷ್ಟೆಲ್ಲ ಇದ್ದೂ ಈ ತಾಣಗಳು ನಮ್ಮ ಕಣ್ಣಿಗೆ ಬೀಳದಿರಲು ಕಾರಣಗಳೇನು? ಮೊದಲನೆಯದು ಆಡಳಿತದ್ದು. 2007ರವರೆಗೆ ವೈಟ್‌ಫೀಲ್ಡ್ ಮಹದೇವಪುರ ನಗರಸಭೆಗೆ, ಬೇಗೂರಿನ ಕಡೆ ಬೊಮ್ಮನಹಳ್ಳಿಗೆ, ಪೀಣ್ಯ ದಾಸರಹಳ್ಳಿಗೆ ಸೇರಿದ್ದವು. ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಒಟ್ಟುಗೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಊರುಗಳು ನಗರಕ್ಕೆ ಸೇರಿದವು. ಅವುಗಳ ನೆನಪು ಸೇರಲಿಲ್ಲ. ಪಾರಂಪರಿಕ ಕಟ್ಟಡಗಳ ಕುರಿತ ನಮ್ಮ ಚರ್ಚೆ ಇಂದಿಗೂ ದಂಡು ಪ್ರದೇಶದ ಬಂಗಲೆ, ಪೇಟೆಯ ಮಾರುಕಟ್ಟೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಎರಡನೆಯದು ನೆಲದ ಬೆಲೆ. ಎಕರೆಗೆ ಕೋಟಿಗಳ ಲೆಕ್ಕ ನಡೆಯುವಲ್ಲಿ ಒಂದು ವೀರಗಲ್ಲು, ಒಂದು ಕಲ್ಯಾಣಿ, ಒಂದು ಅರಳಿಕಟ್ಟೆ ಎಂದರೆ ನಿವೇಶನಕ್ಕೆ ಅಡ್ಡವಾದ ವಸ್ತು. ಮೂರನೆಯದು ಸಾಮಾಜಿಕ. ಇಲ್ಲಿ ದುಡಿಯಲು ಬಂದವರೂ ಇಲ್ಲಿಯೇ ಹುಟ್ಟಿದವರೂ ಒಂದೇ ರಸ್ತೆಯಲ್ಲಿ ಓಡಾಡಿದರೂ ಪರಸ್ಪರ ಮಾತಾಡುವ ಸಂದರ್ಭಗಳು ಕಡಿಮೆ. ಮನೆ ಬಾಡಿಗೆ, ನೀರಿನ ಟ್ಯಾಂಕರ್, ಪಾರ್ಕಿಂಗ್ ಜಗಳ, ಇವಿಷ್ಟೇ ಸಂಬಂಧ. ಭಾಷೆಯ ಗೋಡೆ ಬೇರೆ. ಕನ್ನಡ ಕಲಿಯುವುದಿಲ್ಲ ಎಂದು ಬಂದವರನ್ನು ದೂರುವ ನಾವು, ಅವರು ನಿಂತ ನೆಲದ ಕನ್ನಡವನ್ನು ಅವರಿಗೆ ತೋರಿಸಿದ್ದೇವೆಯೇ?

ಮರೆವಿನ ಬೆಲೆ ಏನೆಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಡೀ ಉಪಖಂಡವನ್ನು ಅಳೆದ ತ್ರಿಕೋನಮಿತಿ ಸರ್ವೇಕ್ಷಣೆಯ ವೀಕ್ಷಣಾಲಯವೊಂದು ನಗರದ ಈಶಾನ್ಯದಂಚಿನ ಕಣ್ಣೂರಿನಲ್ಲಿತ್ತು. 2024ರಲ್ಲಿ ಅದು ನೆಲಸಮವಾಯಿತು. ನನ್ನದೇ ಒಂದು ಅನುಭವವನ್ನೂ ಹೇಳಬೇಕು. ಹದಿನೈದು ವರ್ಷಗಳ ಹಿಂದೆ ಸರ್ಜಾಪುರ ರಸ್ತೆಯಾಚೆಯ ಹಳ್ಳಿಯೊಂದರ ಕುಂಟೆಯ ದಂಡೆಯಲ್ಲಿ ಒಂದು ವೀರಗಲ್ಲನ್ನು ಕಂಡಿದ್ದೆ. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದ ವೀರ, ಮೇಲಿನದರಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ನಾನು ಅದರ ಚಿತ್ರ ತೆಗೆಯಲಿಲ್ಲ. ಮತ್ತೊಮ್ಮೆ ಬಂದರಾಯಿತು ಎಂದುಕೊಂಡೆ. ಈ ಸಲ ಹುಡುಕಿಕೊಂಡು ಹೋದಾಗ ಕುಂಟೆಯ ಜಾಗದಲ್ಲಿ ವಸತಿ ಸಮುಚ್ಚಯದ ಕಾಂಪೌಂಡ್ ಇತ್ತು. ಕಲ್ಲು ತಳಪಾಯಕ್ಕೆ ಹೋಯಿತೋ, ಯಾರ ತೋಟದ ಅಲಂಕಾರಕ್ಕೆ ಹೋಯಿತೋ ತಿಳಿಯದು. ಕೆಡವಿದವರ ತಪ್ಪಿನಷ್ಟೇ ನೋಡಿಯೂ ದಾಖಲಿಸದ ನನ್ನ ಆಲಸ್ಯದ ತಪ್ಪೂ ಅದರಲ್ಲಿದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸಿಕ್ಕ ಕಲ್ಲೊಂದು ಕ್ರಿ.ಶ. 750ರ ಸುಮಾರಿನ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನೆಂಬ ವೀರನ ಶಾಸನವೆಂದು ತಿಳಿಯಿತು. ಎಂಜಿನಿಯರಿಂಗ್ ಹಿನ್ನೆಲೆಯ ಪಿ.ಎಲ್. ಉದಯಕುಮಾರ್ ಮತ್ತು ಅವರಂಥ ಆಸಕ್ತರ ಮುತುವರ್ಜಿಯಿಂದ ಅದು ಉಳಿಯಿತು. ಊರವರ ಬೆಂಬಲದಿಂದ ಅದಕ್ಕೊಂದು ಮಂಟಪವಾಯಿತು. 1905ರಲ್ಲಿ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ ದಾಖಲಿಸಿದ ಕಲ್ಲುಗಳನ್ನು ಹುಡುಕಿ, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕಾರ್ಯವನ್ನು ಮಿಥಿಕ್ ಸೊಸೈಟಿ 2021ರಿಂದ ಕೈಗೊಂಡಿದೆ. ಕೆರೆಗಳ ವಿಷಯದಲ್ಲಿ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಇನ್ನೊಂದು ಮಾದರಿ. ಪಾಲಿಕೆ ಮತ್ತು ನಿವಾಸಿಗಳು ಕೂಡಿ ಅದನ್ನು ಪುನರುಜ್ಜೀವಗೊಳಿಸಿದರು. ಬೆಂಕಿ ಹೊತ್ತಿಕೊಂಡ ಬೆಳ್ಳಂದೂರು, ನೊರೆ ಉಕ್ಕಿದ ವರ್ತೂರು ಕೆರೆಗಳ ನೆರೆಯಲ್ಲೇ ಇದು ಸಾಧ್ಯವಾಯಿತೆಂಬುದನ್ನು ಮರೆಯಬಾರದು. ಜನ ಪ್ರತಿದಿನ ನಡೆದಾಡುವ ಕೆರೆಯನ್ನು ಕದಿಯುವುದು ಸುಲಭವಲ್ಲ.

ಹಾಗೆಂದು ಈ ತಾಣಗಳನ್ನೆಲ್ಲ ಪ್ರವಾಸೋದ್ಯಮ ಇಲಾಖೆಯ ಪಟ್ಟಿಗೆ ಸೇರಿಸಿ ಎಂದು ನಾನು ವಾದಿಸುತ್ತಿಲ್ಲ. ‘ಅಜ್ಞಾತ ತಾಣ’ ಎಂಬ ಚಿತ್ರವೊಂದು ಮೊಬೈಲುಗಳಲ್ಲಿ ಹರಿದಾಡಿದ ಒಂದೇ ತಿಂಗಳಲ್ಲಿ ಅಲ್ಲಿ ಪ್ಲಾಸ್ಟಿಕ್ ಬಾಟಲಿಗಳ ರಾಶಿ ಬೀಳುವುದನ್ನು ಎಲ್ಲೆಡೆ ನೋಡಿದ್ದೇವೆ. ‘ಅಭಿವೃದ್ಧಿ’ ಎಂಬ ಮಾತೂ ಅಷ್ಟೇ ಅಪಾಯಕಾರಿ. ಭಕ್ತಿಯಿಂದಲೇ ಹಳೆಯ ಗುಡಿಯ ಕಂಬಕ್ಕೆ ಎಣ್ಣೆ ಬಣ್ಣ ಬಳಿಯುತ್ತೇವೆ, ಶಾಸನದ ಮೇಲೆ ಗ್ರಾನೈಟ್ ಹೊದಿಸುತ್ತೇವೆ. ಕೆರೆಗೆ ಬೇಲಿ ಹಾಕಿ, ಕಾರಂಜಿ ಚಿಮ್ಮಿಸಿ, ದನಕರುಗಳನ್ನೂ ಮೀನುಗಾರರನ್ನೂ ಹೊರಗಟ್ಟುತ್ತೇವೆ. ಪ್ರವಾಸಿ ಒಮ್ಮೆ ಬಂದು ಹೋಗುವವನು. ಈ ಊರುಗಳಿಗೆ ಬೇಕಿರುವುದು ಮತ್ತೆ ಮತ್ತೆ ಬರುವ ನೆರೆಯವನು. ನೋಡುವುದಕ್ಕೂ ಪರಿಚಯಕ್ಕೂ ಇರುವ ವ್ಯತ್ಯಾಸ ಇದು.

ಈ ವ್ಯತ್ಯಾಸವನ್ನು ನನಗೆ ಕಲಿಸಿದವರು ಹುಸ್ಕೂರಿನ ದಾರಿಯ ಹಳ್ಳಿಯೊಂದರ ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು. ಕ್ಯಾಮೆರಾ ಹಿಡಿದು ಸುತ್ತುತ್ತಿದ್ದ ನನ್ನನ್ನು ಕರೆದು, ‘ನೋಡೋಕೆ ಬಂದ್ರಾ ಸ್ವಾಮಿ, ಕೊಂಡ್ಕೊಳೋಕೆ ಬಂದ್ರಾ?’ ಎಂದು ಕೇಳಿದರು. ಶೂ ಹಾಕಿಕೊಂಡು ಊರು ಸುತ್ತುವವರೆಲ್ಲ ಜಮೀನು ವಿಚಾರಿಸುವವರೇ ಎಂಬುದು ಅವರ ಮೂವತ್ತು ವರ್ಷದ ಅನುಭವ. ನೋಡಲು ಬಂದೆ ಎಂದಾಗ ಕಟ್ಟೆಯಲ್ಲಿ ಜಾಗ ಬಿಟ್ಟರು. ಎರಡು ಎಕರೆ ಮಾರಿದ್ದು, ಆ ಹಣದಲ್ಲಿ ಮಗಳ ಮದುವೆ, ಬಾಡಿಗೆಗೆ ನಾಲ್ಕು ಮನೆ, ಉಳಿದದ್ದು ಮಗನ ಕಾರು ಎಂದು ಲೆಕ್ಕ ಒಪ್ಪಿಸಿದರು. ಪಶ್ಚಾತ್ತಾಪವೇನೂ ಇರಲಿಲ್ಲ. ‘ರಾಗಿ ಬೆಳೆದು ಯಾರು ಉದ್ಧಾರ ಆದ್ರು? ಆದ್ರೆ ಕೆರೆ ಏರಿ ಮೇಲೆ ನಡ್ಕೊಂಡು ಹೋಗೋಕೂ ಈಗ ಗೇಟು’ ಎಂದರು. ಹಳೆಯದನ್ನು ಉಳಿಸಿ ಎಂದು ಬರೆಯುವ ನಮ್ಮಂಥವರು ಈ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು. ಹಳ್ಳಿಗರು ಬಡವರಾಗಿಯೇ ಉಳಿದು ನಮಗೆ ಸುಂದರ ದೃಶ್ಯ ಒದಗಿಸಲಿ ಎಂದು ಬಯಸುವ ಹಕ್ಕು ಯಾರಿಗೂ ಇಲ್ಲ. ಅವರು ಮಾರಿದ್ದು ತಮ್ಮ ಹೊಲವನ್ನು. ಊರಿಗೆಲ್ಲ ಸೇರಿದ ಕೆರೆ ಏರಿಯನ್ನಲ್ಲ. ಅದನ್ನು ಕಿತ್ತುಕೊಂಡದ್ದು ಮಾತ್ರ ಅನ್ಯಾಯ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳ ಅಗತ್ಯವಿಲ್ಲ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ವಿಭಜನೆ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಆಡಳಿತ ಜನರ ಸಮೀಪಕ್ಕೆ ಬರುತ್ತದೆ ಎಂಬುದು ಅದರ ಸಮರ್ಥನೆಯಾದರೆ, ಪ್ರತಿ ವಾರ್ಡಿನ ಶಾಸನ, ವೀರಗಲ್ಲು, ಕಲ್ಯಾಣಿ, ಕಟ್ಟೆ, ಗುಂಡುತೋಪು, ಹಳೆಯ ಕಟ್ಟಡಗಳ ಪಟ್ಟಿ ತಯಾರಿಸುವುದು ಹೊಸ ಪಾಲಿಕೆಗಳ ಮೊದಲ ಕೆಲಸಗಳಲ್ಲಿ ಒಂದಾಗಲಿ. ಪಟ್ಟಿಯಲ್ಲಿರುವ ಸ್ಥಳದಲ್ಲಿ ಕಟ್ಟಡ ನಕ್ಷೆಗೆ ಅನುಮತಿ ನೀಡುವ ಮುನ್ನ ಪುರಾತತ್ತ್ವ ಇಲಾಖೆಯ ಅಭಿಪ್ರಾಯ ಕಡ್ಡಾಯವಾಗಲಿ. 1961ರ ರಾಜ್ಯ ಸ್ಮಾರಕ ಸಂರಕ್ಷಣಾ ಕಾಯ್ದೆ ಇದ್ದೇ ಇದೆ, ಆದರೆ ಅದರ ರಕ್ಷಣೆ ಅಧಿಸೂಚಿತ ಸ್ಮಾರಕಗಳಿಗೆ. ಕುಂಟೆಯ ದಂಡೆಯ ಕಲ್ಲಿಗೆ ವಾರ್ಡಿನ ಪಟ್ಟಿಯೇ ದಿಕ್ಕು. ಮೆಟ್ರೊ ನಿಗಮ ನಿಲ್ದಾಣದ ಗೋಡೆಗಳಲ್ಲಿ ಊರಿನ ಚರಿತ್ರೆಯನ್ನು ಕನ್ನಡದಲ್ಲೂ ಇತರ ಭಾಷೆಗಳಲ್ಲೂ ಬರೆಸಲಿ. ಪೀಣ್ಯದಲ್ಲಿ ಆರ್ಯಭಟದ ಕಥೆ, ಕಾಡುಗೋಡಿಯಲ್ಲಿ ಕೆರೆಯ ಶಾಸನ. ಸಾಮಾಜಿಕ ಹೊಣೆಗಾರಿಕೆಯ ಹಣವಿರುವ ಕಂಪನಿಗಳು ಕಮಾನು, ಕಾರಂಜಿಗಳ ಬದಲು ನಡೆದಾಡುವ ದಾರಿಗೆ, ಶೌಚಾಲಯಕ್ಕೆ, ಊರ ಶಾಲೆಯ ಮಕ್ಕಳಿಗೆ ತಮ್ಮೂರಿನ ಶಾಸನ ಓದಿಸುವ ಕೆಲಸಕ್ಕೆ ಅದನ್ನು ವಿನಿಯೋಗಿಸಲಿ. ಎಲ್ಲಕ್ಕಿಂತ ಮಿಗಿಲಾಗಿ, ಕೆರೆ ಏರಿಯ ಗೇಟುಗಳು ಊರವರಿಗೆ ತೆರೆದಿರಲಿ.

ತಂಗಿಯ ಮಗನಿಗೆ ಇದನ್ನೆಲ್ಲ ಹೇಳಿದೆ. ಉಪನ್ಯಾಸವೆಂದು ಬೇಸರಿಸಿದನೇನೋ, ಸುಮ್ಮನಿದ್ದ. ಎರಡು ದಿನ ಬಿಟ್ಟು ದೂರವಾಣಿ ಮಾಡಿದ. ‘ಮಾವ, ನಮ್ಮ ಆಫೀಸಿನ ಊಟದ ಹಾಲಿನ ಕಿಟಕಿಯಿಂದ ಒಂದು ಕೆರೆ ಕಾಣುತ್ತೆ. ನಾಲ್ಕು ವರ್ಷದಿಂದ ನೋಡ್ತಾ ಇದ್ದೀನಿ, ಹೆಸರು ಕೇಳಿರಲಿಲ್ಲ. ಅದೇನಾ ನೀವು ಹೇಳಿದ ಕೆರೆ?’ ಎಂದ. ಅದೇ ಎಂದೆ. ಬರುವ ಭಾನುವಾರ ಇಬ್ಬರೂ ಅದರ ದಂಡೆಯ ಮೇಲೆ ಎಷ್ಟು ದೂರ ನಡೆಯಲು ಬಿಡುತ್ತಾರೋ ಅಷ್ಟು ದೂರ ನಡೆದು ಬರುವುದೆಂದು ತೀರ್ಮಾನವಾಗಿದೆ. ನಂದಿಬೆಟ್ಟದ ಸಾಲಿನಲ್ಲಿ ಒಂದು ಕಾರು ಕಡಿಮೆಯಾಗುತ್ತದೆ, ಅದೇನೂ ದೊಡ್ಡ ಸಾಧನೆಯಲ್ಲ. ಆದರೆ ದಾರಿಯಲ್ಲಿ ಯಾರಾದರೂ ನೋಡಲು ಬಂದಿರೋ ಕೊಳ್ಳಲು ಬಂದಿರೋ ಎಂದು ಕೇಳಿದರೆ, ಉತ್ತರಿಸಲು ಈ ಸಲ ನಮ್ಮಲ್ಲಿ ಇಬ್ಬರಿರುತ್ತೇವೆ.